ಒಂದು ಲೆಕ್ಕ, ಹಲವು ಎಳೆಗಳು

ಹತ್ತು ಸಾವಿರ ಸಂಖ್ಯೆಗಳ ಪಟ್ಟಿಯೊಂದನ್ನು ಕೂಡಬೇಕಾಗಿದೆಯೆಂದು ಭಾವಿಸೋಣ. ಒಬ್ಬನೇ ಗುಮಾಸ್ತನು ಮೊದಲಿನಿಂದ ಕಡೆಯವರೆಗೆ ಕೂಡುತ್ತ ಹೋಗಬಹುದು. ಇಲ್ಲವೆ ನಾಲ್ವರು ಪಟ್ಟಿಯನ್ನು ಹಂಚಿಕೊಂಡು ಕೂಡಿ, ನಾಲ್ಕು ಉಪಮೊತ್ತಗಳನ್ನು ಕಡೆಗೆ ಒಟ್ಟುಗೂಡಿಸಬಹುದು. ಇಂದಿನ ಗಣಕಗಳ ಸಂಸ್ಕಾರಕದಲ್ಲಿ ಹಲವು ಕೋರ್‌ಗಳಿರುವುದರಿಂದ ಅವು ಎರಡನೆಯ ವಿಧಾನವನ್ನೂ ಅನುಸರಿಸಬಲ್ಲವು. ಹೀಗೆ ಏಕಕಾಲದಲ್ಲಿ ಸಾಗುವ ಕೆಲಸದ ಒಂದೊಂದು ಸರಣಿಗೂ ಥ್ರೆಡ್, ಎಂದರೆ ಎಳೆ, ಎಂದು ಹೆಸರು.

ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಸ್ಯಾಸ್ ಎಂಬ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ 9ನೆಯ ಆವೃತ್ತಿಯಿಂದೀಚೆಗೆ ವಿಂಗಡಣೆ, ಸರಾಸರಿ, ರಿಗ್ರೆಷನ್ ಮೊದಲಾದ ಕೆಲವು ಕಾರ್ಯಗಳನ್ನು ಹಲವು ಎಳೆಗಳಲ್ಲಿ ನಡೆಸಬಹುದು. 'ಥ್ರೆಡ್ಸ್' ಎಂಬ ಆಯ್ಕೆಯು ಇದಕ್ಕೆ ಅನುಮತಿ ಕೊಡುತ್ತದೆ. 'ನೋಥ್ರೆಡ್ಸ್' ಎಂಬುದು ತಡೆಯುತ್ತದೆ. ಎಷ್ಟು ಸಂಸ್ಕಾರಕಗಳುಂಟೆಂದು ಎಣಿಸಿಕೊಳ್ಳಬೇಕೆಂಬುದನ್ನು 'ಸಿಪಿಯುಕೌಂಟ್' ಮೂಲಕ ತಿಳಿಸಬಹುದು.

ವೇಗ ಹೆಚ್ಚಿಸುವ ಸಾಧನವನ್ನು ತಡೆಹಿಡಿಯುವ ಅಗತ್ಯವಾದರೂ ಏನು? ಮೊದಲನೆಯದಾಗಿ, ಆ ವೇಗಕ್ಕೆ ಮಿತಿಯುಂಟು. ನೂರು ನಿಮಿಷಗಳ ಕೆಲಸದಲ್ಲಿ 20 ನಿಮಿಷಗಳ ಭಾಗವನ್ನು ಹಂಚಲು ಬಾರದೆಂದು ಇಟ್ಟುಕೊಳ್ಳೋಣ. ನಾಲ್ಕು ಎಳೆಗಳಿಂದ ಕೆಲಸವು 40 ನಿಮಿಷಗಳಲ್ಲಿ, ಎಂಟರಿಂದ 30 ನಿಮಿಷಗಳಲ್ಲಿ ಮುಗಿದೀತು. ಎಳೆಗಳು ಸಾವಿರವಾದರೂ 20ಕ್ಕಿಂತ ಕೆಳಗಿಳಿಯದು. 1967ರಲ್ಲಿ ಜೀನ್ ಆಮ್ಡಾಲ್ ಎತ್ತಿ ತೋರಿಸಿದ ಮಿತಿಯಿದು. ಹಂಚುವುದಕ್ಕೂ ಒಗ್ಗೂಡಿಸುವುದಕ್ಕೂ ಕಾಲ ಹಿಡಿಯುವುದರಿಂದ, ಸಣ್ಣ ಲೆಕ್ಕಗಳಲ್ಲಿ ಒಂಟಿ ಎಳೆಯೇ ಮುಂದಾಗುವುದೂ ಉಂಟು.

ಎರಡನೆಯ ಕಾರಣವು ಇದಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಯಂತ್ರವು ಮೂರೇ ಅಂಕೆಗಳನ್ನು ಉಳಿಸಿಕೊಳ್ಳುವುದೆಂದು ಊಹಿಸಿ 100, 0.4, 0.4 ಇವನ್ನು ಕೂಡೋಣ. ಮೊದಲೆರಡರ ಮೊತ್ತ 100.4, ಅದನ್ನು ಮೂರು ಅಂಕೆಗಳಿಗೆ ಸವರಿಸಿದರೆ 100. ಇನ್ನೊಂದು 0.4 ಸೇರಿಸಿದರೂ ಮತ್ತೆ 100ರಲ್ಲೇ ನಿಲ್ಲುತ್ತದೆ. ಕಡೆಯ ಎರಡನ್ನು ಮೊದಲು ಕೂಡಿದರೋ 0.8, ಅದನ್ನು 100ಕ್ಕೆ ಸೇರಿಸಿ ಸವರಿಸಿದರೆ 101! ಶಾಲೆಯಲ್ಲಿ ಕಲಿತ ಸಹವರ್ತನ ನಿಯಮವು ಇಲ್ಲಿ ಮುರಿದುಬಿತ್ತು. ನಿಜವಾದ ಗಣಕವು ಸಾಮಾನ್ಯವಾಗಿ ಸುಮಾರು 15–16 ಅಂಕೆಗಳನ್ನು ಉಳಿಸಿಕೊಳ್ಳುತ್ತದೆಯಾದರೂ ಅದರ ಸ್ವಭಾವ ಇದೇ. ವಿದ್ಯಾರ್ಥಿಗಳು ಉಚಿತವಾಗಿ ದೊರೆಯುವ 'ಆರ್' ತಂತ್ರಾಂಶದಲ್ಲಿ 0.1, 0.2, 0.3 ಇವನ್ನು ಎರಡು ರೀತಿಯಲ್ಲಿ ಆವರಣ ಹಾಕಿ ಕೂಡಿ, ಮೊತ್ತಗಳು ಸಮವೇ ಎಂದು ಕೇಳಿ ನೋಡಲಿ. ಅಲ್ಲವೆಂಬ ಉತ್ತರ ಬರುತ್ತದೆ.

ಎಳೆಗಳ ಸಂಖ್ಯೆ ಬದಲಾದರೆ ಕೂಡುವ ಕ್ರಮವೂ ಬದಲಾಗಬಹುದು; ಆಗ ಕಡೆಯ ಅಂಕೆಗಳು ಬೇರೆಯಾದಾವು. ಬಹುಮಟ್ಟಿಗೆ ಇದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಆದರೆ ರಿಗ್ರೆಷನ್‌ನಲ್ಲಿ ಎರಡು ಚರಾಂಶಗಳು ಒಂದನ್ನೊಂದು ಬಹಳ ಹೋಲುತ್ತಿದ್ದರೆ ಆ ಅಲ್ಪ ವ್ಯತ್ಯಾಸವೇ ಹಿಗ್ಗಿ ಉತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಪರೀಕ್ಷಿಸುವಾಗ ಇದರಿಂದ ವೃಥಾ ಸಂಶಯ ಹುಟ್ಟೀತು. ಅಂಥಲ್ಲಿ 'ನೋಥ್ರೆಡ್ಸ್' ಇಟ್ಟು ಮತ್ತೊಮ್ಮೆ ನಡೆಸುವುದು ಉಚಿತ; ಹಾಗೂ ಉತ್ತರ ಬಹಳವಾಗಿ ಬದಲಾದರೆ ದೋಷವು ಎಳೆಗಳದ್ದಲ್ಲ, ಚರಾಂಶಗಳ ಆಯ್ಕೆಯದ್ದೆಂದು ನಮ್ಮ ಅಭಿಪ್ರಾಯ.

ಎಳೆಗಳು ನಿಜವಾಗಿ ದುಡಿದವೋ ಎಂಬುದನ್ನು ಅರಿಯುವುದು ಸುಲಭ. ಸ್ಯಾಸ್ ತನ್ನ ದಾಖಲೆಯಲ್ಲಿ ಗಡಿಯಾರದ ಕಾಲವನ್ನೂ ಸಂಸ್ಕಾರಕದ ಕಾಲವನ್ನೂ ಬೇರೆಬೇರೆಯಾಗಿ ಬರೆಯುತ್ತದೆ. ಹಲವು ಕೋರ್‌ಗಳ ದುಡಿಮೆಯು ಒಟ್ಟಾಗಿ ಎಣಿಕೆಗೆ ಬರುವುದರಿಂದ, ಎರಡನೆಯದು ಮೊದಲನೆಯದನ್ನು ಮೀರಿದ್ದರೆ ಕೆಲಸವು ಹಂಚಿಹೋಗಿದೆಯೆಂದು ತಿಳಿಯಬಹುದು.