ಮಸೀದಿಯೊಳಗೆ ಏನಿದೆ? ನೆರೆಯವರ ನಂಬಿಕೆಯನ್ನು ತಿಳಿಯೋಣ



ಶ್ರೀರಂಗಪಟ್ಟಣದ ಕೋಟೆ ಹತ್ತಿರ ಹೋದಾಗ ಎರಡು ಎತ್ತರದ ಮಿನಾರುಗಳನ್ನು ನಾವೆಲ್ಲ ನೋಡಿದ್ದೇವೆ. "ಒಳಗೆ ಯಾವ ದೇವರನ್ನು ಇಟ್ಟಿದ್ದಾರೆ ಸಿಸ್ಟರ್?" ಎಂದು ಪಾಂಡವಪುರ ಕಡೆಯ ಸಂಘದ ಸದಸ್ಯೆಯೊಬ್ಬರು ಕೇಳಿದರು. ಅವರ ಪಕ್ಕದಲ್ಲೇ ಮುಸ್ಲಿಂ ಸದಸ್ಯೆ ಕೂತಿದ್ದರು. ವರ್ಷಗಳಿಂದ ಒಟ್ಟಿಗೆ ಉಳಿತಾಯ ಮಾಡ್ತಿದ್ದರೂ ಈ ಮಾತನ್ನು ಅವರನ್ನು ಕೇಳಿರಲಿಲ್ಲ!

ಮಸೀದಿ ಎಂದರೇನು?
ಹಣೆಯನ್ನು ನೆಲಕ್ಕೆ ತಾಗಿಸಿ ದೇವರಿಗೆ ವಂದಿಸುವ ಜಾಗವೇ ಮಸೀದಿ. ಅಲ್ಲಿ ವಿಗ್ರಹ, ಚಿತ್ರ ಇರುವುದಿಲ್ಲ. ಗೋಡೆಯಲ್ಲಿರುವ ಗೂಡಿನಂಥ ಭಾಗ ಮೆಕ್ಕಾದ ದಿಕ್ಕನ್ನು ತೋರಿಸುತ್ತದೆ. ನಮ್ಮ ಕಡೆ ಅದು ಪಶ್ಚಿಮ. ಕೈಕಾಲು, ಮುಖ ತೊಳೆದು ದಿನಕ್ಕೆ 5 ಸಲ ನಮಾಜು ಮಾಡುತ್ತಾರೆ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಸೇರುತ್ತಾರೆ. ಬಡವ, ಶ್ರೀಮಂತ ಎನ್ನದೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮಲ್ಲಿ ಹೆಚ್ಚಿನ ಹೆಂಗಸರು ಮನೆಯಲ್ಲೇ ನಮಾಜು ಮಾಡುತ್ತಾರೆ.

ನಮ್ಮ ನಾಡಿನ ಮಸೀದಿಗಳು
ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯನ್ನು 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದರು. ಮಿನಾರುಗಳಲ್ಲಿ ಪಾರಿವಾಳಗಳಿಗೂ ಗೂಡುಗಳಿವೆ. ಗಂಜಾಂ ಹತ್ತಿರದ ಗುಂಬಜ್‌ನಲ್ಲಿ ಹೈದರಾಲಿ, ಅವರ ಪತ್ನಿ ಹಾಗೂ ಟಿಪ್ಪು ಅವರ ಸಮಾಧಿಗಳಿವೆ. ಅದರ ಪಕ್ಕದಲ್ಲಿರುವ ಮಸೀದಿಗೆ ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯ ಹೆಸರನ್ನೇ ಇಟ್ಟಿದ್ದಾರೆ. ಮೆಕ್ಕಾ, ಮದೀನಾಗಳ ನಂತರ ಮುಸ್ಲಿಮರಿಗೆ ಅತಿ ಪವಿತ್ರವಾದದ್ದು ಆ ಮಸೀದಿ.

ಕಲಬುರಗಿ ಕೋಟೆಯೊಳಗಿನ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ. ಇದಕ್ಕೆ ಪೂರ್ತಿ ಚಾವಣಿ ಹಾಕಿರುವುದು ವಿಶೇಷ. ವಿಜಯಪುರದ ದೊಡ್ಡ ಜಾಮಿಯಾ ಮಸೀದಿಯ ಕೆಲಸವನ್ನು 16ನೇ ಶತಮಾನದಲ್ಲಿ ಒಂದನೇ ಅಲಿ ಆದಿಲ್‌ಶಾಹಿ ಶುರು ಮಾಡಿಸಿದರು.

ನಮಗೇಕೆ ಈ ಪಾಠ?
2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ಅಂಗಡಿ ಯಾರದ್ದೇ ಆಗಲಿ, ಸುಟ್ಟರೆ ಉರಿಯುವುದು ಒಂದು ಮನೆಯ ಒಲೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಗಾಳಿಮಾತು ಬಂದ ದಿನ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ವಿಚಾರಿಸುವಷ್ಟು ಸಲುಗೆ ಮೊದಲೇ ಬೆಳೆದಿರಬೇಕು.

ಕೆ.ಆರ್.ಪೇಟೆ ಕಡೆಯ ಒಂದು ಸಂಘದಲ್ಲಿ ರಂಜಾನ್ ತಿಂಗಳು ಸಂಜೆ 6 ಗಂಟೆಗೆ ಸಭೆ ಇತ್ತು. ಉಪವಾಸ ಬಿಡುವ ಹೊತ್ತು ಅಂತ ಒಬ್ಬ ಸದಸ್ಯೆ ಬರಲಿಲ್ಲ. ನಿಯಮದಂತೆ ದಂಡ ಹಾಕಿದರು. ಆಮೇಲೆ ಅವರು ಎರಡು ವಾರ ಸಂಘದ ಕಡೆ ಬರಲೇ ಇಲ್ಲ. ಕೊನೆಗೆ ಪ್ರತಿನಿಧಿಗಳೇ ಮನೆಗೆ ಹೋಗಿ ಮಾತಾಡಿದರು. ಆ ತಿಂಗಳು ಸಭೆ ಮಧ್ಯಾಹ್ನ 3 ಗಂಟೆಗೆ ಬದಲಾಯಿತು. ನಿಯಮವೂ ಉಳಿಯಿತು, ಸದಸ್ಯೆಯೂ ಉಳಿದರು.

ಸಭೆಯಲ್ಲಿ ಚರ್ಚಿಸಿ
1. ಎಲ್ಲರ ಹಬ್ಬ, ವ್ರತ, ಉಪವಾಸಗಳನ್ನು ನೋಡಿ ಸಭೆಯ ಸಮಯ ಇಟ್ಟಿದ್ದೇವೆಯೇ?
2. ಪಕ್ಕದ ಸದಸ್ಯೆಯ ನಂಬಿಕೆಯ ಬಗ್ಗೆ ನನಗೆ ಗೊತ್ತಿರುವುದು ಅವರಿಂದ ಕೇಳಿದ್ದೋ, ಬೇರೆಯವರು ಹೇಳಿದ್ದೋ?
3. ಮುಂದಿನ ಪ್ರವಾಸದಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಗುಂಬಜ್ ಮೂರನ್ನೂ ನೋಡೋಣವೇ? ತಲೆಗೆ ಸೆರಗು ಹೊದ್ದು, ಚಪ್ಪಲಿ ಹೊರಗೆ ಬಿಟ್ಟು, ಅಲ್ಲಿಯವರ ಅನುಮತಿ ಕೇಳಿ ಒಳಗೆ ಹೋಗಿರಿ. ವಿವರಿಸಿ ಹೇಳಲು ನಮ್ಮ ಮುಸ್ಲಿಂ ಸಹೋದರಿಯರನ್ನೇ ಕೇಳಿಕೊಳ್ಳಿ.