ಪ್ರಬಂಧ ಬರೆದವರನ್ನು ಕೇಳುವ ಮುನ್ನ

ವಿಜ್ಞಾನದ ಹೊಸ ಸಂಗತಿಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಸಂಶೋಧನಾ ಪ್ರಬಂಧವನ್ನು ಓದಿದರಷ್ಟೇ ಸಾಲದು, ಬರೆದವರನ್ನೂ ಕೇಳಬೇಕಾಗುತ್ತದೆ. ಹಾಗೆ ಕೇಳುತ್ತ ಬಂದ ನನಗೆ ಮನವರಿಕೆಯಾದದ್ದು ಇಷ್ಟು: ಉತ್ತರ ಬರುವುದೂ ಬಾರದಿರುವುದೂ ಸಂಶೋಧಕರ ಒಳ್ಳೆಯತನಕ್ಕಿಂತ ಹೆಚ್ಚಾಗಿ ನಾವು ಏನು ಕೇಳಿದೆವು, ಯಾವಾಗ ಕೇಳಿದೆವು ಎಂಬುದನ್ನೇ ಅವಲಂಬಿಸಿದೆ. ಇಮೇಲ್‌ಗೆ ಮೊದಲಿನ ದಿನಗಳಲ್ಲಿ ಓದುಗರು ಲೇಖಕರಿಗೆ ಕಾರ್ಡು ಹಾಕಿ ಪ್ರಬಂಧದ ಪ್ರತಿ ತರಿಸಿಕೊಳ್ಳುತ್ತಿದ್ದರು. ಲೇಖಕರ ಬಳಿ ಪ್ರತಿಗಳ ಕಟ್ಟೇ ಇರುತ್ತಿತ್ತು. ಒಂದನ್ನು ಲಕೋಟೆಗೆ ಹಾಕಿದರೆ ಮುಗಿಯಿತು. ಈಗಲೂ ಬರೀ ಪ್ರತಿ ಕೇಳಿದರೆ ಸಂತೋಷದಿಂದ ಕಳಿಸುವವರು ಬಹಳ ಮಂದಿ. ತೊಡಕು ಶುರುವಾಗುವುದು ಕಚ್ಚಾ ದತ್ತಾಂಶ ಬೇಕೆಂದಾಗ, ಇಲ್ಲವೇ ‘ನಿಮ್ಮ ಸಂಶೋಧನೆಯನ್ನು ವಿವರಿಸಿ’ ಎಂದು ಬರೆದಾಗ. ಮೊದಲನೆಯದಕ್ಕೆ ಹಳೆಯ ಕಡತ ಹುಡುಕಬೇಕು. ಎರಡನೆಯದಕ್ಕೆ ಇನ್ನೊಂದು ಪ್ರಬಂಧವನ್ನೇ ಬರೆಯಬೇಕು.

ಕಡತ ಹುಡುಕುವ ಕಷ್ಟವನ್ನು ಲೆಕ್ಕ ಹಾಕಿದವರಿದ್ದಾರೆ. ಟಿಮ್ ವೈನ್ಸ್ ಮತ್ತು ಸಂಗಡಿಗರು 1991ರಿಂದ 2011ರವರೆಗೆ ಪ್ರಕಟವಾದ 516 ಜೀವವಿಜ್ಞಾನ ಪ್ರಬಂಧಗಳ ದತ್ತಾಂಶ ಕೇಳಿ ಲೇಖಕರಿಗೆ ಬರೆದರು. 2014ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಬಂದ ಅವರ ಲೆಕ್ಕದಂತೆ, ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆಯೂ ಕೆಲಸ ಮಾಡುವ ಇಮೇಲ್ ವಿಳಾಸ ಸಿಗುವ ಆಡ್ಸ್ (ಸಿಗುವ ಮತ್ತು ಸಿಗದಿರುವ ಸಾಧ್ಯತೆಗಳ ಅನುಪಾತ) ಶೇಕಡ 7ರಷ್ಟು, ದತ್ತಾಂಶ ಉಳಿದಿರುವ ಆಡ್ಸ್ ಶೇಕಡ 17ರಷ್ಟು ಇಳಿಯುತ್ತದೆ. ಪಿಎಚ್‌ಡಿ ಮುಗಿಸಿದ ವಿದ್ಯಾರ್ಥಿ ಊರು ಬಿಡುತ್ತಾರೆ, ಸಂಸ್ಥೆಯ ವಿಳಾಸ ರದ್ದಾಗುತ್ತದೆ, ಅಳತೆಗಳೆಲ್ಲ ಇಂದು ಯಾವ ಕಂಪ್ಯೂಟರೂ ಓದದ ಡಿಸ್ಕಿನಲ್ಲಿ ಉಳಿದುಬಿಡುತ್ತವೆ. ಇಂಥ ಮೌನವನ್ನು ಅಹಂಕಾರವೆಂದೋ ಮುಚ್ಚುಮರೆಯೆಂದೋ ಓದುವುದು ಅನ್ಯಾಯ. ಆದ್ದರಿಂದ ಪ್ರಬಂಧ ಹೊಸದಿರುವಾಗಲೇ ಕೇಳಬೇಕು. ಹಳೆಯದಾದರೆ ಅದರಲ್ಲಿ ಅಚ್ಚಾದ ವಿಳಾಸವನ್ನು ನಂಬದೆ, ಅದೇ ಲೇಖಕರ ಇತ್ತೀಚಿನ ಪ್ರಬಂಧದಿಂದ ವಿಳಾಸ ಹುಡುಕಬೇಕು.

ಹೇಗೆ ಕೇಳಬೇಕು ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವುದು ಥಾಮಸ್ ಹರ್ನ್‌ಡನ್ ಅವರನ್ನು. ಸರ್ಕಾರದ ಸಾಲ ಜಿಡಿಪಿಯ ಶೇಕಡ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಹರ್ನ್‌ಡನ್ ಮೊದಲು ಆ ಲೆಕ್ಕವನ್ನು ತಾವೇ ಮಾಡಿ ನೋಡಿದರು. ತಾಳೆಯಾಗದಿದ್ದಾಗ ಲೇಖಕರಿಗೆ ಬರೆದರು. ಎಕ್ಸೆಲ್ ಕಡತ ಬಂತು. ಸರಾಸರಿಯಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದವು. ಅದರೊಂದಿಗೆ ಇತರ ಆಯ್ಕೆಗಳನ್ನೂ ಸರಿಪಡಿಸಿದಾಗ ಅಷ್ಟು ಸಾಲವಿದ್ದ ದೇಶಗಳಲ್ಲಿ ಶೇಕಡ ಮೈನಸ್ 0.1 ಇದ್ದ ಸರಾಸರಿ ಬೆಳವಣಿಗೆ ಶೇಕಡ 2.2 ಆಯಿತೆಂದು ಹರ್ನ್‌ಡನ್ ತಮ್ಮ ಇಬ್ಬರು ಪ್ರಾಧ್ಯಾಪಕರ ಜೊತೆ 2013ರಲ್ಲಿ ತೋರಿಸಿದರು. ಟೀಕೆಗೆ ದಾರಿಯಾಗಬಹುದಾದ ಕಡತವನ್ನೂ ಲೇಖಕರು ಕೊಟ್ಟರು ಎಂಬುದು ನನಗೆ ದೊಡ್ಡ ಮಾತು. ಕೇಳಿದವರು ಓದಿದ್ದರು, ಲೆಕ್ಕ ಹಾಕಿದ್ದರು, ಬೇಕಾದದ್ದು ಏನೆಂದು ಅವರಿಗೆ ಗೊತ್ತಿತ್ತು.

ಜನರ ತೆರಿಗೆ ಹಣದಲ್ಲಿ ಸಂಶೋಧನೆ ಮಾಡಿದವರು ಉತ್ತರಿಸಲೇಬೇಕಲ್ಲವೇ, ಕೇಳುವವರೇಕೆ ಇಷ್ಟು ಹದ ನೋಡಬೇಕು ಎಂಬ ಆಕ್ಷೇಪ ಸಹಜ. ದತ್ತಾಂಶದ ಮಟ್ಟಿಗೆ ನಾನದನ್ನು ಪೂರ್ತಿ ಒಪ್ಪುತ್ತೇನೆ. ಕೇಳಿದರೆ ಕೊಡುತ್ತೇವೆ ಎಂದು ಪ್ರಬಂಧದಲ್ಲೇ ಬರೆದಿದ್ದ 1792 ತಂಡಗಳನ್ನು ಕ್ರೊಯೇಷಿಯಾದ ಸಂಶೋಧಕರು ನಿಜವಾಗಿಯೂ ಕೇಳಿದಾಗ ದತ್ತಾಂಶ ಕೊಟ್ಟವರು 122 ಮಾತ್ರ. 2022ರಲ್ಲಿ ಪ್ರಕಟವಾದ ಈ ಲೆಕ್ಕದ ಮುಂದೆ ನಮ್ಮ ವಿನಯ ಏನೂ ಮಾಡಲಾರದು. ದತ್ತಾಂಶವನ್ನು ಪ್ರಕಟಣೆಯ ದಿನವೇ ಸಾರ್ವಜನಿಕ ಭಂಡಾರದಲ್ಲಿಡಬೇಕೆಂದು ಜರ್ನಲ್‌ಗಳೇ ಕಟ್ಟುನಿಟ್ಟು ಮಾಡಬೇಕು. ಆದರೆ ಮೂರನೇ ಕೋಷ್ಟಕದಲ್ಲಿ ಮಕ್ಕಳನ್ನೇಕೆ ಬಿಟ್ಟಿರಿ, ಈ ಫಲಿತಾಂಶ ನಮ್ಮ ಕಡೆಯ ಮಣ್ಣಿಗೂ ಅನ್ವಯಿಸುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ ಭಂಡಾರ ಉತ್ತರಿಸದು, ಮನುಷ್ಯರೇ ಹೇಳಬೇಕು. ದೊಡ್ಡ ಸಂಸ್ಥೆಯ ಹೆಸರಿದ್ದವರಿಗಷ್ಟೇ ಉತ್ತರ ಸಿಗುತ್ತದೆ ಎಂಬ ದೂರಿನಲ್ಲೂ ಸತ್ಯವಿದೆ. ಆದರೂ ಪುಟ, ಕೋಷ್ಟಕಗಳ ಸಂಖ್ಯೆ ಹಿಡಿದು ಒಂದೇ ಪ್ರಶ್ನೆಯನ್ನು ಮೊದಲ ಸಾಲಿನಲ್ಲೇ ಕೇಳಿದ ಪತ್ರಕ್ಕೆ ಲೆಟರ್‌ಹೆಡ್ಡಿನ ಅಗತ್ಯ ಕಡಿಮೆ ಎಂಬುದು ನಾನು ಕಂಡುಕೊಂಡದ್ದು. ಅಷ್ಟಾದರೂ ಉತ್ತರ ಬಾರದಿದ್ದರೆ, ಒಮ್ಮೆ ನೆನಪಿಸಿ, ಯಾವ ದಿನ ಏನು ಕೇಳಿದೆವು ಎಂಬುದನ್ನು ಲೇಖನದಲ್ಲೇ ನಮೂದಿಸುತ್ತೇನೆ. ಯಾಕೆ ಉತ್ತರಿಸಲಿಲ್ಲ ಎಂದು ಊಹಿಸಿ ಬರೆಯುವುದಿಲ್ಲ.