ಅಜ್ಜಿಯ ಡಬ್ಬಿ, ಅಜ್ಜನ ಸೈಕಲ್: ಹಳತಕ್ಕೆ ಬೆಲೆ ಕಟ್ಟುವುದು ಹೇಗೆ?

ಕಳೆದ ದೀಪಾವಳಿ ರಜೆಯಲ್ಲಿ ಜೆಪ್ಪುವಿನ ನಮ್ಮ ಮನೆಗೆ ಒಂದು ಫೋನ್ ಬಂತು. ಎಲ್ಲರಿಗೂ ಕೇಳಲಿ ಅಂತ ಚಿಕ್ಕಪ್ಪ ಸ್ಪೀಕರ್ ಹಾಕಿದರು. "ಸರ್, ನಿಮ್ಮ 1818ರ ಹನುಮಂತನ ನಾಣ್ಯಕ್ಕೆ ಮೂರೂವರೆ ಲಕ್ಷ ಫಿಕ್ಸ್ ಆಗಿದೆ. ಫೈಲ್ ಚಾರ್ಜ್ ಬಂದಿದೆ. ಇನ್ನು ಜಿಎಸ್‌ಟಿ 18 ಸಾವಿರ ಹಾಕಿದರೆ ಸಂಜೆಯೊಳಗೆ ದುಡ್ಡು ನಿಮ್ಮ ಅಕೌಂಟಿಗೆ." ಫೈಲ್ ಚಾರ್ಜ್ ಅಂತ 2,500 ರೂಪಾಯಿ ಆಗಲೇ ಹೋಗಿದೆ ಅನ್ನುವುದು ನಮಗೆ ಗೊತ್ತಾದದ್ದೇ ಆಗ. ಆ 18 ಸಾವಿರವನ್ನು ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್‌ಗೆ ಅಂತ ತೆಗೆದಿಟ್ಟಿದ್ದರು.

ಅದೇ ವಾರ ಇನ್ನೊಂದು ವ್ಯಾಪಾರವೂ ನಡೆಯುವುದರಲ್ಲಿತ್ತು. ಹಿಂದಿನ ಕೊಟ್ಟಿಗೆಯಲ್ಲಿದ್ದ ಅಜ್ಜನ ಸೈಕಲನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದರು, ನಾಳೆ ಬರುತ್ತೇನೆ ಅಂದಿದ್ದರು. ಬೆಲೆ ಇಲ್ಲದ್ದಕ್ಕೆ ಮೂರೂವರೆ ಲಕ್ಷ, ಬೆಲೆ ಇದ್ದದ್ದಕ್ಕೆ ಕಬ್ಬಿಣದ ರೇಟು. ಎರಡನ್ನೂ ತಡೆದದ್ದು ನಾವು ಲ್ಯಾಬಿನಲ್ಲಿ ಕಲಿತ ಪಾಠವೇ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಹನುಮಂತನ ವಿಷಯ. ಒಂದು ಕಡೆ ದೇವರ ಚಿತ್ರ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಯುಕೆಎಲ್, ಒಂದು ಆಣೆ, 1818 ಅಂತ ಇಂಗ್ಲಿಷಿನಲ್ಲಿ. ನಿಮ್ಮ ಮನೆಯ ದೇವರ ಕೋಣೆಯಲ್ಲೂ ಇರಬಹುದು, ನೋಡಿ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇದು ಪೂಜೆಗೆ, ಅದೃಷ್ಟಕ್ಕೆ ಅಂತ ಯಾರೋ ಅಚ್ಚು ಹಾಕಿ ಮಾರಿದ ಬಿಲ್ಲೆ. ಕೈ ಮುಗಿಯಲಿಕ್ಕೆ ಅಡ್ಡಿಯಿಲ್ಲ, ಮಾರಲಿಕ್ಕೆ ಹೋಗಬೇಡಿ, ಅಷ್ಟೆ. ಹಳೆ ನಾಣ್ಯ ಕೊಳ್ಳುತ್ತೇವೆ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಚಾರ್ಜು, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ. ನಿಜವಾಗಿ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ಇಷ್ಟು ಸಣ್ಣ ವಿಷಯ ಆ ಹೊತ್ತಿಗೆ ಹೊಳೆಯುವುದಿಲ್ಲ ಮಾರಾಯ್ರೆ, ಮೂರೂವರೆ ಲಕ್ಷ ಅನ್ನುವ ಶಬ್ದಕ್ಕೆ ಅಂಥ ಶಕ್ತಿ ಉಂಟು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ನಾವು ಮಾಡಿದ್ದು ನಾಲ್ಕು ದಿನ ಬಿಟ್ಟು.

ಇನ್ನು ಡಬ್ಬಿಯಲ್ಲಿದ್ದ ನಿಜವಾದ ನಾಣ್ಯಗಳು. ನಮ್ಮ ಊರು 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಕೈಗೆ ಬಂದು ಮದ್ರಾಸಿಗೆ ಸೇರಿತು, 1956ರ ತನಕ ಅಲ್ಲೇ ಇತ್ತು. ಹಾಗಾಗಿ ಇಲ್ಲಿಯ ಹಳೆ ಮನೆಗಳಲ್ಲಿ ಮದ್ರಾಸಿನ ತಾಮ್ರದ ಕಾಸು ಸಿಗುತ್ತದೆ. ಅಜ್ಜಿಯ ಹತ್ತಿರ 1808ರ 20 ಕಾಸಿನ ನಾಣ್ಯ ಒಂದಿತ್ತು. ಒಂದು ಕಡೆ ಕಂಪನಿಯ ಸಿಂಹಗಳ ಲಾಂಛನ, ಇನ್ನೊಂದು ಕಡೆ ಪಾರ್ಸಿ ಲಿಪಿ. ಇದು ಅಚ್ಚಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ. ಥರ್ಮೋದಲ್ಲಿ ಓದುತ್ತೇವಲ್ಲ ಜೇಮ್ಸ್ ವಾಟ್, ಅವನ ಪಾಲುದಾರನೇ ಈ ಬೋಲ್ಟನ್. ಉಗಿಯಂತ್ರದ ಬಲದಿಂದ ಒತ್ತಿದ ನಾಣ್ಯ ನಮ್ಮ ಅರಸಿನ ಕುಂಕುಮದ ಡಬ್ಬಿಯಲ್ಲಿ!

ಇನ್ನೂರು ವರ್ಷ ಹಳತು, ಹಾಗಾದರೆ ಭಾರಿ ಬೆಲೆ ಅಲ್ವಾ? ಇಲ್ಲ. ಇದೇ ಕಾಸುಗಳನ್ನು ಮದ್ರಾಸಿಗೆ ಹೊತ್ತು ಹೊರಟಿದ್ದ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಸ್ಯಾಂಡ್ಸ್ ಮರಳದಿಬ್ಬದ ಹತ್ತಿರ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅದರಿಂದ ಲಕ್ಷಗಟ್ಟಲೆ ನಾಣ್ಯ ಎತ್ತಿದರು, ಕೆಲವು ಹೊಸದರ ಹಾಗೇ ಇದ್ದವು. ಪೇಟೆಯಲ್ಲಿ ಅಷ್ಟೊಂದು ಇರುವಾಗ ನಮ್ಮ ಸವೆದ ಕಾಸನ್ನು ಯಾರು ಕೇಳುತ್ತಾರೆ? ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ. ಎಷ್ಟು ಉಳಿದಿದೆ, ಎಷ್ಟು ಚೆನ್ನಾಗಿ ಉಳಿದಿದೆ, ಎಷ್ಟು ಜನಕ್ಕೆ ಬೇಕು, ಇದು ಲೆಕ್ಕ. ಉಲ್ಟಾ ಉದಾಹರಣೆ 1911ರ ರೂಪಾಯಿ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆಯ ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಂಡಿತು. ಜನ ಗಲಾಟೆ ಮಾಡಿದರು, ನಾಣ್ಯ ವಾಪಸ್ ಹೋಗಿ ಕರಗಿತು, 1912ರಲ್ಲಿ ತಿದ್ದಿದ ಆನೆ ಬಂತು. ಕರಗದೆ ಉಳಿದ 1911ಕ್ಕೆ ಅದಕ್ಕೇ ಬೇಡಿಕೆ.

ಬೆಳ್ಳಿ ರೂಪಾಯಿ ಸಿಕ್ಕಿದರೆ ಕಡಿಮೆಯೆಂದರೂ ಬೆಳ್ಳಿಯ ಬೆಲೆ ಉಂಟು. 1835ರಿಂದ 1939ರ ತನಕದ ರೂಪಾಯಿ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7. ಅಂದರೆ 10.69 ಗ್ರಾಂ ಶುದ್ಧ ಬೆಳ್ಳಿ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು 1940ರಿಂದ 1945ರ ತನಕ ಅರ್ಧಕ್ಕರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕಲ್, ಸತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಅಯಸ್ಕಾಂತ ಹಿಡಿದರೆ ಟಪ್ಪಂತ ಅಂಟುತ್ತದೆ. ಅಜ್ಜಿ ಎಲ್ಲವನ್ನೂ "ಬೊಳ್ಳಿ" ಅಂತ ಒಂದೇ ಗಂಟು ಕಟ್ಟಿದ್ದರು.

ಇದನ್ನು ಬೇರೆ ಮಾಡಲಿಕ್ಕೆ ಆರ್ಕಿಮಿಡೀಸ್ ಸಾಕು. ಬಂಗಾರದಂಗಡಿಯವರು ಬಳಸುವಂಥ 0.01 ಗ್ರಾಂ ತೋರಿಸುವ ಸಣ್ಣ ತೂಕದ ಮೆಷಿನ್ ತಗೊಳ್ಳಿ. ಮೊದಲು ನಾಣ್ಯವನ್ನು ಹಾಗೇ ತೂಗಿ. ಆಮೇಲೆ ಅರ್ಧ ಲೋಟ ನೀರನ್ನು ಮೆಷಿನ್ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳ್ಳಗಿನ ನೂಲಿಗೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೆ, ಬದಿಗೆ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ಮೆಷಿನ್ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. 91.7ರ ಬೆಳ್ಳಿ 10.3ರ ಆಸುಪಾಸು ಬರಬೇಕು, ಅರ್ಧ ಬೆಳ್ಳಿಗೆ 9.5, ನಿಕಲ್ಲಿಗೆ 8.9. ನಮ್ಮ 1862ರ ರಾಣಿ ವಿಕ್ಟೋರಿಯಾ ಸವೆದು 11.52 ಗ್ರಾಂ ಆಗಿತ್ತು, ನೀರಿನಲ್ಲಿ 1.12. ಭಾಗಿಸಿದರೆ 10.29. ಮೆಷಿನ್ 0.01 ತಪ್ಪಿದರೆ ಉತ್ತರ ಸುಮಾರು 0.1 ಆಚೀಚೆ ಆಗುತ್ತದೆ, ಹಾಗಾಗಿ ಮೂರು ಸಲ ತೂಗಿ ಸರಾಸರಿ ತೆಗೆಯಿರಿ.

ನಮ್ಮ ಕ್ಲಾಸಿನ ಒಬ್ಬ ಜಾತ್ರೆಯಲ್ಲಿ 1939ರ ರೂಪಾಯಿ ಕೊಂಡಿದ್ದ. 1939 ವಿರಳ, ಅದಕ್ಕೇ ನಕಲಿ ಜಾಸ್ತಿ. ಅವನದ್ದು 8.8 ಬಂತು. ಎರಡು ದಿನ ಅವನು ನನ್ನ ಹತ್ತಿರ ಮಾತಾಡಲಿಲ್ಲ.

ಅಜ್ಜಿಯ ನಾಣ್ಯ ಅಸಲಿಯೇ, ಆದರೆ ಸಂಗ್ರಹಕಾರರು ಬೆಳ್ಳಿಯ ಮೇಲೆ ಹೆಚ್ಚೇನೂ ಕೊಡಲಾರರು. ಯಾಕಂದ್ರೆ ಪ್ರತಿ ದೀಪಾವಳಿಗೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ರಾಣಿಯ ಮೂಗು ಚಪ್ಪಟೆ ಆಗಿದೆ. ಬೂದಿ ಅಂದರೆ ನಯವಾದ ಉಜ್ಜುಪುಡಿಯೇ. ಹಳೆ ನಾಣ್ಯದ ಮೇಲಿನ ಕಪ್ಪು ಛಾಯೆ ಕೊಳೆಯಲ್ಲ, ಅದನ್ನು ತೆಗೆದರೆ ಬೆಲೆಯೂ ಹೋಯಿತು. ಇದನ್ನು ಹೇಳಿದ್ದಕ್ಕೆ ಅಜ್ಜಿ, "ಲಕ್ಷ್ಮಿಗೆ ಇಟ್ಟದ್ದನ್ನು ಕಪ್ಪು ಕಪ್ಪು ಇಡ್ಲಿಕ್ಕೆ ಆಗ್ತದಾ?" ಅಂದರು. ಅವರ ಲೆಕ್ಕ ಬೇರೆ.

ಒಂದು ಕಾನೂನಿನ ಮಾತು. ದುಬೈಯಲ್ಲಿರುವ ಸೋದರಮಾವ ಆ 1862ರ ರೂಪಾಯಿ ಕೇಳಿದ್ದರು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಬ್ಯಾಗಿನಲ್ಲಿ ಹಾಕಿ ಕೊಡುವ ಮೊದಲು ಇಸವಿ ನೋಡಿ.

ಈಗ ಸೈಕಲ್. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. "ಬ್ರಿಟಿಷರ ಕಾಲದ ರ‍್ಯಾಲಿ" ಅಂತಲೇ ನಾವು ಕೇಳಿ ಬೆಳೆದದ್ದು. ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ, ನಾಟಿಂಗ್‌ಹ್ಯಾಮ್ ಇಂಗ್ಲೆಂಡ್ ಅಂತ ಅಕ್ಷರ. ಸರಳು ಬ್ರೇಕ್, 28 ಇಂಚಿನ ಚಕ್ರ. ಸೀಮೆಎಣ್ಣೆಯಲ್ಲಿ ಹಿಂದಿನ ಹಬ್ ಒರೆಸಿದಾಗ ಸ್ಟರ್ಮಿ-ಆರ್ಚರ್, ಎಡಬ್ಲ್ಯು, ಅದರ ಹತ್ತಿರ 51 ಅಂತ ಕಂಡಿತು. ಆ ಹಬ್‌ಗಳ ಮೇಲೆ ತಯಾರಾದ ಇಸವಿಯ ಕೊನೆಯ ಎರಡು ಅಂಕೆ ಒತ್ತುತ್ತಿದ್ದರು. ಅಂದರೆ 1951, ಬ್ರಿಟಿಷರು ಹೋಗಿ ನಾಲ್ಕು ವರ್ಷ ಆಗಿತ್ತು! ಹಬ್ ಆಮೇಲೆ ಬದಲಾಗಿರಲೂಬಹುದು, ಹಾಗಾಗಿ ಫ್ರೇಮ್ ನಂಬರನ್ನೂ ಬರೆದಿಟ್ಟಿದ್ದೇನೆ. ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ಶುರುವಾದದ್ದು 1952ರಲ್ಲಿ. ಅಲ್ಲಿಯದ್ದಾದರೆ ಬಿಲ್ಲೆಯಲ್ಲಿ ಹೆಸರು ಬೇರೆ ಇರುತ್ತದೆ.

ಈ ಹಬ್‌ನ ಒಳಗೆ ನಮ್ಮ ಸಿಲೆಬಸ್ಸೇ ಉಂಟು. ಮಧ್ಯೆ ತಿರುಗದ 20 ಹಲ್ಲಿನ ಸನ್ ಗೇರ್, ಹೊರಗೆ 60 ಹಲ್ಲಿನ ರಿಂಗ್, ನಡುವೆ ಪ್ಲಾನೆಟ್‌ಗಳು. 1 + 20/60 ಅಂದರೆ 4/3, ಅದು ಮೂರನೇ ಗೇರು. ತಿರುಗಿಸಿದರೆ 3/4, ಅದು ಒಂದನೇ ಗೇರು. ಜೆಪ್ಪುವಿನಿಂದ ಕದ್ರಿ ಗುಡ್ಡೆ ಹತ್ತುವಾಗ ಅಜ್ಜ ಇಳಿದು ದೂಡುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದದ್ದು ಬಡಾಯಿ ಅಂದುಕೊಂಡಿದ್ದೆ. ಎಪಿಸೈಕ್ಲಿಕ್ ಗೇರ್ ಟ್ರೇನ್ ಲೆಕ್ಕ ಮಾಡಿದ ಮೇಲೆ ನಂಬಿದೆ.

ಬೆಲೆ ಎಷ್ಟು? ಲಕ್ಷ ಅಂತೂ ಅಲ್ಲ. ಇಂಥ ಸೈಕಲುಗಳು ಲಕ್ಷಗಟ್ಟಲೆ ತಯಾರಾಗಿವೆ. ಆದರೆ ಗೇರಿನ ಹಬ್, ಲೂಕಸ್ ಲ್ಯಾಂಪ್, ಬ್ರೂಕ್ಸ್ ಚರ್ಮದ ಸೀಟು, ಪೂರ್ತಿ ಚೈನ್ ಕವರ್, ಕಂಪನಿಯ ಮೂಲ ಬಣ್ಣ, ಇವೆಲ್ಲ ಒಟ್ಟಿಗೆ ಇರುವುದು ಅಪರೂಪ. ಗುಜರಿ ರೇಟಿಗಿಂತ ಎಷ್ಟೋ ಪಾಲು ಹೆಚ್ಚು ಕೊಡುವ ಹವ್ಯಾಸಿಗಳಿದ್ದಾರೆ. ಕಪ್ಪು ಎನಾಮಲ್ ಹೊಡೆದು ಹೊಸದು ಮಾಡುವಾ ಅಂತ ಚಿಕ್ಕಪ್ಪ ಡಬ್ಬಿ ತಂದೇಬಿಟ್ಟಿದ್ದರು, ತಡೆದೆ. ನಾಣ್ಯಕ್ಕೆ ಹುಣಸೆಹುಳಿ ಮಾಡಿದ್ದನ್ನೇ ಸೈಕಲ್ಲಿಗೆ ಬಣ್ಣ ಮಾಡುತ್ತದೆ. ನಮ್ಮ ಕಡಲಗಾಳಿಗೆ ತುಕ್ಕು ಬರುವುದು ಸಹಜ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಣ ಜಾಗದಲ್ಲಿಡಿ, ಸಾಕು.

ಗುಜರಿಯವರನ್ನು ವಾಪಸ್ ಕಳಿಸಿದೆವು. ಹೋದ 2,500 ಬರಲಿಲ್ಲ, 18 ಸಾವಿರ ಉಳಿಯಿತು, ಅಜ್ಜಿಯ ಆಪರೇಷನ್ ಜನವರಿಯಲ್ಲಿ ಆಯಿತು. ಕಣ್ಣು ಬಂದ ಮೇಲೆ ಅವರು ಮೊದಲು ಕೇಳಿದ್ದು ರಾಣಿಯ ಮೂಗು ನಿಜವಾಗಿ ಅಷ್ಟು ಸವೆದಿದೆಯಾ ಅಂತ.

ಸೈಕಲ್ ಇನ್ನೂ ಓಡುತ್ತಿಲ್ಲ. ಪೆಡಲ್ ಅಚ್ಚಿನ ಒಂದು ಕಪ್ ಒಡೆದಿದೆ. ಬೇರೆ ಇಂಗ್ಲಿಷ್ ಸೈಕಲುಗಳಲ್ಲಿ ಇಂಚಿಗೆ 24 ಥ್ರೆಡ್, ರ‍್ಯಾಲಿ ಮಾತ್ರ ಹಟ ಹಿಡಿದು 26 ಇಟ್ಟಿತ್ತು, ಹಾಗಾಗಿ ಅಂಗಡಿಯಲ್ಲಿ ಸಿಗುವುದು ಕೂರುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಹಳೆ ಕಪ್ ಒಂದು ಬಿದ್ದಿದ್ದರೆ ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಹೇಳಿ, ನಾನು ಅಲ್ಲೇ ಇರುತ್ತೇನೆ.